ನಲ್ಲಿ ಗುಂಡಿಗಳ ಬೀದಿ

ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಆಗ ಮನೆಗೊಂದು ಗುಂಡಿ ಇತ್ತು. ಹೊಸದಾಗಿ ಬಂದ ನೆಂಟರು ಇದೇನು ತೆಂಗಿನ ಸಸಿ ನೆಡುವುದಕ್ಕೆ ತೋಡಿದ್ದೋ, ಕಸ ಹೂಳುವುದಕ್ಕೋ ಎಂದು ಕೇಳುತ್ತಿದ್ದರು. ಎರಡೂ ಅಲ್ಲ. ಅದು ನಲ್ಲಿ ಗುಂಡಿ. ಎಂಬತ್ತರ ದಶಕದ ಮೊದಲ ವರ್ಷಗಳವು. ಬೀದಿಯ ಪೈಪಿನಲ್ಲಿ ನೀರಿಗೆ ರಭಸ ಸಾಲುತ್ತಿರಲಿಲ್ಲ. ನೀರು ಮೇಲಕ್ಕೆ ಹತ್ತಿ ನಲ್ಲಿಗೆ ಬರುವುದಿಲ್ಲವಾದರೆ ನಲ್ಲಿಯೇ ಕೆಳಗಿಳಿದು ನೀರಿಗೆ ಸಿಗಲಿ ಎಂದು ಯಾರೋ ಒಬ್ಬರು ಗೇಟಿನ ಪಕ್ಕ ನೆಲ ಅಗೆದು, ನಲ್ಲಿಯನ್ನು ತಗ್ಗಿನಲ್ಲಿ ಕೂರಿಸಿದರು. ಅವರಿಗೆ ನೀರು ಧಾರಾಳವಾಗಿ ಬಂತು, ಪಕ್ಕದ ಮನೆಗೆ ನಿಂತಿತು. ಪಕ್ಕದವರು ಸುಮ್ಮನಿರುತ್ತಾರೆಯೇ? ಇವರು ಒಂದು ಗೇಣು ಅಗೆದರೆ ಅವರು ಒಂದು ಮೊಳ ಅಗೆದರು. ನಾನು ಆ ಬೀದಿಗೆ ಮದುವೆಯಾಗಿ ಬರುವ ಹೊತ್ತಿಗೆ ಗುಂಡಿಗಳಿಗೆ ಮೆಟ್ಟಿಲು ಕಟ್ಟಿಸುವ ಮಟ್ಟಕ್ಕೆ ಪೈಪೋಟಿ ಹೋಗಿತ್ತು.

ನಾನು ಬಂದದ್ದು ಧಾರವಾಡದಿಂದ. ಅಲ್ಲಿ ಬಿ.ಎಸ್ಸಿ. ಓದಿದ್ದೆ, ಭೌತಶಾಸ್ತ್ರ ನನ್ನ ಮೆಚ್ಚಿನ ವಿಷಯ. ಮುಂದೆ ಓದಬೇಕೆಂಬ ಆಸೆ ಇತ್ತು. ಅಷ್ಟರಲ್ಲಿ ಮದುವೆಯಾಯಿತು. ಗಂಡನಿಗೆ ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ. ಓದು ನಿಂತಿತೇ ಹೊರತು ಓದಿದವಳ ಚಟ ನಿಲ್ಲಲಿಲ್ಲ. ಸಿಟಿ ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದಾಗ ಜನರೆಲ್ಲ ಮುಂದಕ್ಕೆ ವಾಲಿ ಅವನನ್ನು ಬೈಯುತ್ತಿದ್ದರೆ, ನಾನು ಕಂಬಿ ಹಿಡಿದುಕೊಂಡು ಜಡತ್ವ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಕುಕ್ಕರಿನ ತೂಕ ಕುಣಿಯುವಾಗ ಹಬೆಯ ಒತ್ತಡ ಎಷ್ಟಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಬೇಳೆ ಸೀಯಿಸಿದ್ದೂ ಉಂಟು. ಗಂಡ ಇದನ್ನೆಲ್ಲ ನೋಡಿ ನಗುತ್ತಿದ್ದರು. ನನಗೆ ಸಿಟ್ಟು ಬೇಗ ಬರುತ್ತದೆ ಎನ್ನುವುದು ಅವರಿಗೆ ಆಗಲೇ ಗೊತ್ತಾಗಿದ್ದರಿಂದ ಗಟ್ಟಿಯಾಗಿ ನಗುತ್ತಿರಲಿಲ್ಲ.

ನಮ್ಮ ಬೀದಿ ಇಳಿಜಾರು. ಸುಮ್ಮನೆ ನಡೆದರೆ ಗೊತ್ತಾಗುವುದಿಲ್ಲ, ಸೈಕಲ್ ಬಿಟ್ಟರೆ ತಾನಾಗಿ ಉರುಳುತ್ತದೆ, ಅಷ್ಟು. ನೀರು ಬರುವ ದೊಡ್ಡ ಪೈಪು ಬೀದಿಯ ಕೆಳತುದಿಯಲ್ಲಿತ್ತು. ಅಲ್ಲಿಂದ ಸಣ್ಣ ಪೈಪು ಒಂದೊಂದೇ ಮನೆಗೆ ನೀರು ಕೊಡುತ್ತ ಮೇಲಕ್ಕೆ ಬಂದು, ಮೇಲ್ತುದಿಯಲ್ಲಿ ನಮ್ಮ ಬಾಡಿಗೆ ಮನೆಯ ಮುಂದೆ ಮುಗಿಯುತ್ತಿತ್ತು. ಎಲ್ಲರೂ ಕುಡಿದು ಉಳಿದದ್ದು ನಮಗೆ. ಕೆಳತುದಿಯ ಮೊದಲ ಮನೆಯಲ್ಲಿದ್ದವರು ಉರ್ದು ಮಾತಾಡುವ ಒಂದು ಸಂಸಾರ. ಯಜಮಾನರಿಗೆ ಹಣ್ಣಿನ ವ್ಯಾಪಾರ. ಅವರ ಹೆಂಡತಿಯನ್ನು ನಾನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಮಾತು ಕಡಿಮೆ. ಬೆಳಿಗ್ಗೆ ನಮ್ಮ ಮನೆಯ ಪಕ್ಕದಲ್ಲೇ ಇದ್ದ ಹಾಲಿನ ಬೂತಿಗೆ ಬಂದಾಗ ಗೇಟಿನ ಆಚೆಯಿಂದ ತಲೆ ಅಲ್ಲಾಡಿಸಿ ಹೋಗುವಷ್ಟು ಪರಿಚಯ.

ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ, ಬೆಳಗಿನ ಹೊತ್ತು. ಗಂಡನ ಫ್ಯಾಕ್ಟರಿ ಬಸ್ಸು ಅದಕ್ಕೆ ಮುಂಚೆಯೇ ಬಂದು ಹೋಗುತ್ತಿತ್ತು. ಆದ್ದರಿಂದ ಗುಂಡಿಗೆ ಇಳಿಯುವವಳು ನಾನೇ. ಮೆಟ್ಟಿಲಿಳಿದು, ಬಗ್ಗಿ, ಬಿಂದಿಗೆ ತುಂಬಿಸಿ, ಎದೆಯ ಮಟ್ಟಕ್ಕೆ ಎತ್ತಿ ಗುಂಡಿಯ ಅಂಚಿನ ಮೇಲಿಟ್ಟು, ಹತ್ತಿ ಬಂದು, ಮತ್ತೆ ಸೊಂಟಕ್ಕೆತ್ತಿ ಒಳಗೆ ಒಯ್ಯಬೇಕು. ನೀರಿನ ಬಗ್ಗೆ ನಾನು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಎತ್ತಿದ್ದು ಈಗ.

ಮದುವೆಯಾದ ಮರುವರ್ಷ ನಾನು ಬಸುರಿಯಾದೆ. ಮೂರನೆಯ ತಿಂಗಳಲ್ಲಿ ಒಂದು ದಿನ ಬಿಂದಿಗೆಯನ್ನು ಗುಂಡಿಯ ಅಂಚಿಗೆ ಇಟ್ಟವಳಿಗೆ ಮೇಲೆ ಹತ್ತಲು ಆಗಲಿಲ್ಲ. ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಹಾಲು ತೆಗೆದುಕೊಂಡು ಹೋಗುತ್ತಿದ್ದ ಆಪಾ ಗುಂಡಿಯೊಳಗೆ ಇಣುಕಿ ನೋಡಿ, ಹಾಲನ್ನು ಅಲ್ಲೇ ನೆಲದ ಮೇಲಿಟ್ಟು ಇಳಿದು ಬಂದರು. ಅವರೇ ಆಟೋ ತಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಗು ಉಳಿಯಲಿಲ್ಲ. ಭಾರ ಎತ್ತಿದ್ದರಿಂದಲೇ ಹೀಗಾಯಿತೆಂದು ಹೇಳಲು ಬರುವುದಿಲ್ಲ, ಕಾರಣ ಬೇರೆಯೂ ಇರಬಹುದು ಎಂದು ಡಾಕ್ಟರಮ್ಮ ಹೇಳಿದರು. ಅವರು ಹೇಳಿದ್ದು ಸರಿಯಿರಬಹುದು. ನನ್ನ ಮನಸ್ಸು ಮಾತ್ರ ಆ ಗುಂಡಿಯನ್ನು ಬಿಟ್ಟು ಬೇರೆ ಕಾರಣ ಹುಡುಕಲಿಲ್ಲ. ಬಹಳ ದಿನ ಅತ್ತೆ. ಅತ್ತು ಮುಗಿದ ಮೇಲೂ ದಿನ ಬಿಟ್ಟು ದಿನ ಅದೇ ಗುಂಡಿಗೆ ಇಳಿಯುವುದು ತಪ್ಪಲಿಲ್ಲ.

ಎರಡನೆಯ ಸಲ ಬಸುರಿಯಾದಾಗ ಡಾಕ್ಟರಮ್ಮ ಈ ಬಾರಿ ತುಂಬಿದ ಬಿಂದಿಗೆ ಮುಟ್ಟಲೇಬಾರದು ಎಂದರು. ರೈಲು, ಬಸ್ಸಿನ ಕುಲುಕಾಟವೂ ಸದ್ಯಕ್ಕೆ ಬೇಡವೆಂದರು. ಹಾಗಾಗಿ ತವರಿಗೆ ಹೋಗಿ ಕೂರುವ ಹಾಗೂ ಇಲ್ಲ. ಗಂಡ ಸ್ವಲ್ಪ ದಿನ ರಜೆ ಹಾಕಿ ನೀರು ಹಿಡಿದರು. ರಜೆ ಎಷ್ಟು ದಿನ ನಡೆದೀತು? ಆಳು ಇಟ್ಟುಕೊಳ್ಳೋಣವೆಂದರೆ ನೀರು ಬರುವ ಹೊತ್ತಿಗೆ ಊರಿನ ಎಲ್ಲ ಕೈಗಳೂ ಅವರವರ ಬಿಂದಿಗೆಯ ಮೇಲೆಯೇ ಇರುತ್ತಿದ್ದವು. ನೆಲದ ಮೇಲಿನ ನಲ್ಲಿಗೆ ನೀರು ಹತ್ತಿ ಬಂದರೆ ಈ ಮಗು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೆದರಿದವಳ ತರ್ಕ ಅದು. ಅದರಲ್ಲಿ ವಿಜ್ಞಾನ ಏನೂ ಇರಲಿಲ್ಲ.

ಅದೇ ಸಮಯದಲ್ಲಿ ಬೀದಿಯ ಸಂಘ ನೀರಿನ ಜಗಳಕ್ಕೆ ಒಂದು ಪರಿಹಾರ ಕಂಡುಹಿಡಿಯಿತು. ಅಧ್ಯಕ್ಷರು ರೈಲ್ವೆಯಿಂದ ನಿವೃತ್ತರಾದವರು, ಬೀದಿಯ ನಡುವಿನ ಮನೆಯವರು. ಇಸ್ತ್ರಿ ಮಾಡಿದ ಪಂಚೆ ಉಟ್ಟುಕೊಂಡೇ ಸಂಪಿಗೆ ಗಿಡಕ್ಕೆ ಪಾತಿ ಮಾಡುವಷ್ಟು ಶಿಸ್ತಿನ ಮನುಷ್ಯ. ಅವರು ಒಂದು ಸರ್ವೆ ಮರದ ಗಳುವನ್ನು ಅಳತೆಗೆ ಕತ್ತರಿಸಿ, ಇನ್ನು ಮೇಲೆ ಯಾರ ಗುಂಡಿಯೂ ಈ ಕೋಲಿಗಿಂತ ಆಳ ಇರಕೂಡದು, ಕಡಿಮೆಯೂ ಇರಕೂಡದು ಎಂದು ತೀರ್ಮಾನ ಮಾಡಿಸಿದರು. ಹೆಚ್ಚು ಅಗೆದವರು ಮಣ್ಣು ತುಂಬಿದರು, ಕಡಿಮೆ ಅಗೆದವರು ಅಗೆದರು. ಭಾನುವಾರ ಅಧ್ಯಕ್ಷರು ಕೋಲು ಹಿಡಿದು ಒಂದೊಂದೇ ಗುಂಡಿಗೆ ಅದನ್ನು ಇಳಿಸಿ ನೋಡುತ್ತ ಬಂದರು. ಕೋಲು ಎಲ್ಲ ಗುಂಡಿಗೂ ಕರಾರುವಾಕ್ಕಾಗಿ ಕೂತಿತು. ಎಲ್ಲರಿಗೂ ಬಹಳ ಸಂತೋಷವಾಯಿತು.

ನೀರಿಗೆ ಈ ತೀರ್ಮಾನ ತಲುಪಲಿಲ್ಲ. ಇಳಿಜಾರು ಬೀದಿಯಲ್ಲಿ ಎಲ್ಲರೂ ಒಂದೇ ಆಳ ಅಗೆದರೆ ಗುಂಡಿಗಳೂ ಇಳಿಜಾರಾಗಿಯೇ ಇರುತ್ತವೆ. ಕೆಳಗಿನ ಮನೆಯ ನಲ್ಲಿ ಮೊದಲಿನಂತೆಯೇ ಕೆಳಗೆ, ನಮ್ಮದು ಮೇಲೆ. ನಾನು ಅಧ್ಯಕ್ಷರ ಮನೆಗೆ ಹೋಗಿ, ನೆಲದಿಂದ ಅಳೆದರೆ ಪ್ರಯೋಜನವಿಲ್ಲ, ನಲ್ಲಿಗಳೆಲ್ಲ ಒಂದೇ ಮಟ್ಟದಲ್ಲಿರಬೇಕು ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಕೋಲನ್ನು ತೋರಿಸಿದರು.

“ನೋಡಮ್ಮ, ಎಲ್ರಿಗೂ ಒಂದೇ ಅಳತೆ. ಇದಕ್ಕಿಂತ ನ್ಯಾಯ ಇನ್ನೇನ್ ಬೇಕು?”

ನನಗೆ ಎಂಥ ಸಿಟ್ಟು ಬಂತೆಂದರೆ ಕೊಟ್ಟ ಕಾಫಿಯನ್ನು ಹಾಗೇ ಬಿಟ್ಟು ಎದ್ದು ಬಂದೆ. ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೆ. ಮನೆಗೆ ಬಂದು ಯೋಚಿಸಿದಾಗ, ಬಾಯಲ್ಲಿ ಹೇಳಿದರೆ ಈ ಮನುಷ್ಯ ಒಪ್ಪುವುದಿಲ್ಲ, ಕೋಲಿಗೆ ಕೋಲಿನಂಥದೇ ಏನಾದರೂ ಬೇಕು ಎನ್ನಿಸಿತು.

ಬೀದಿಯ ಆಚೆ ಒಂದು ಮನೆ ಏಳುತ್ತಿತ್ತು. ಅಲ್ಲಿನ ಗಾರೆಯವರ ಹತ್ತಿರ ಮಟ್ಟ ನೋಡುವ ಪೈಪು ಇತ್ತು. ಪಾರದರ್ಶಕ ಪ್ಲಾಸ್ಟಿಕ್ ಪೈಪು, ಒಳಗೆ ನೀರು. ಎರಡು ತುದಿಗಳನ್ನು ದೂರ ದೂರ ಹಿಡಿದರೂ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಭಾನುವಾರ ಗಂಡ ಅದನ್ನು ಕೇಳಿ ತಂದರು. ನಮ್ಮ ಮನೆಯ ಕಾಂಪೌಂಡಿನ ಮೇಲೆ, ನೆಲದಿಂದ ಒಂದು ಗೇಣು ಎತ್ತರಕ್ಕೆ ಇಟ್ಟಿಗೆ ಚೂರಿನಿಂದ ಗೆರೆ ಎಳೆದೆ. ಪೈಪಿನ ಒಂದು ತುದಿಯನ್ನು ಅಲ್ಲಿ ಹಿಡಿದು, ಇನ್ನೊಂದನ್ನು ಮುಂದಿನ ಮನೆಯ ಗೋಡೆಗೆ ಹಿಡಿಸಿ, ಅಲ್ಲಿಂದ ಅದರ ಮುಂದಿನದಕ್ಕೆ, ಹೀಗೆ ಗುರುತು ಹಾಕುತ್ತ ಇಳಿದೆವು. ಗಲಾಟೆ ಏನೆಂದು ನೋಡಲು ಬಂದ ಅಧ್ಯಕ್ಷರ ಕೈಗೂ ಒಂದು ತುದಿ ಕೊಟ್ಟೆ. ಮೇಲಕ್ಕೆತ್ತಿ ಹಿಡಿಯಿರಿ ಎಂದರೂ ಅವರು ಮೊಣಕಾಲ ಹತ್ತಿರ ಹಿಡಿದರು. ಪೈಪಿನ ನೀರು ಅವರ ಇಸ್ತ್ರಿ ಪಂಚೆಯ ಮೇಲೆ ಸುರಿಯಿತು. ಅದನ್ನು ನಿಲ್ಲಿಸಲು ಅವರು ತುದಿಯನ್ನು ಎತ್ತುತ್ತ ಹೋದರು. ತೊಡೆಯವರೆಗೆ ಎತ್ತಿದಾಗ ನೀರು ನಿಂತಿತು. ಪಂಚೆ ಒದ್ದೆಯಾದ ಮೇಲೆ ಅವರಿಗೆ ವಿಷಯ ಅರ್ಥವಾಯಿತು. ಆಮೇಲೆ ಅವರು ನನಗಿಂತ ದೊಡ್ಡ ವಿಜ್ಞಾನಿಯಾಗಿ ಎಲ್ಲರಿಗೂ ವಿವರಿಸಲು ಶುರು ಮಾಡಿದರು.

ಸಂಜೆಯ ಹೊತ್ತಿಗೆ ಬೀದಿಯ ಗೋಡೆಗಳ ಮೇಲೆಲ್ಲ ಕೆಂಪು ಗೆರೆ. ನಮ್ಮ ಮನೆಯಲ್ಲಿ ಪಾದದ ಹತ್ತಿರ ಶುರುವಾಗಿ, ನಡುವಿನ ಮನೆಗಳಲ್ಲಿ ಮೊಣಕಾಲು ತೊಡೆ ದಾಟಿ, ಆಪಾ ಅವರ ಗೋಡೆಯಲ್ಲಿ ಹೆಂಗಸರ ಸೊಂಟದ ಎತ್ತರಕ್ಕೆ ಬಂದಿತ್ತು. ಗುಂಡಿಗಳನ್ನೆಲ್ಲ ಮುಚ್ಚಿ ಎಲ್ಲರೂ ನಲ್ಲಿಯನ್ನು ಈ ಗೆರೆಗೆ ಏರಿಸಿದರೆ ಎಲ್ಲರಿಗೂ ಸಮನಾಗಿ ನೀರು ಬರುತ್ತದೆ ಎಂದು ಹೇಳಿದೆ. ಗುಂಡಿ ಹತ್ತಿ ಇಳಿದು ಸಾಕಾಗಿದ್ದ ಹೆಂಗಸರಿಗೆಲ್ಲ ಇಷ್ಟವಾಯಿತು. ಗಂಡಸರು ಮಾತ್ರ ಆಪಾ ಅವರ ಗೇಟಿನ ಕಡೆ ನೋಡುತ್ತಿದ್ದರು. ನಷ್ಟ ಯಾರಿಗಾದರೂ ಇದ್ದರೆ ಅದು ಅವರಿಗೆ. ಅವರ ಗುಂಡಿಯಲ್ಲಿ ನೀರು ತೋಳಿನ ಗಾತ್ರ ಬರುತ್ತಿತ್ತು. ಆಪಾ ಗೆರೆಯನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು, ಏರಿಸಿ ಎಂದಷ್ಟೇ ಹೇಳಿ ಒಳಗೆ ಹೋದರು. ಅವರೇ ಒಪ್ಪಿದ ಮೇಲೆ ಉಳಿದವರು ತಕರಾರು ತೆಗೆಯಲು ನಾಚಿದರು.

ಹೊಸ ನಲ್ಲಿಗಳಿಗೆ ನೀರು ಬರುವ ಮೊದಲ ಬೆಳಿಗ್ಗೆ ನಾನು ನಮ್ಮ ನಲ್ಲಿಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದೆ. ಅಗಲ ಬಾಯಿಯ ಬೋಗುಣಿ ಇಟ್ಟಿದ್ದೆ. ನಲ್ಲಿ ಒಂದೆರಡು ಸಲ ಬುಸುಗುಟ್ಟಿತು, ತೊಟ್ಟಿಕ್ಕಿತು, ಮತ್ತೆ ತೊಟ್ಟಿಕ್ಕಿತು. ಅಷ್ಟೆ. ಇಷ್ಟೆಲ್ಲ ಮಾಡಿ ಇಷ್ಟೇನಾ ಎಂದುಕೊಂಡು ನಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿ ನೋಡಿದೆ. ಹಾಲಿನ ಬೂತಿಗೆ ಬಂದಿದ್ದ ಆಪಾ ಗೇಟಿನ ಹೊರಗೆ ನಿಂತು ಬೋಗುಣಿಯನ್ನು ನೋಡಿದರು. ಹಾಲು ಹಿಡಿದುಕೊಂಡು ಕೆಳಗೆ ಹೋದರು. ಸ್ವಲ್ಪ ಹೊತ್ತಿಗೆ ನಲ್ಲಿಯ ಸದ್ದು ಬದಲಾಯಿತು. ತೊಟ್ಟಿಕ್ಕುತ್ತಿದ್ದದ್ದು ಎಳೆಯಾಯಿತು, ಎಳೆ ಹೆಬ್ಬೆರಳ ಗಾತ್ರದ ಧಾರೆಯಾಯಿತು. ಬೋಗುಣಿ ತುಂಬಿ ಹರಿಯಿತು. ನಾನು ನಗುತ್ತ ಅಳುತ್ತ ಕೂತಿದ್ದೆ.

ಗಂಡ ಸಂಜೆ ಬಂದಾಗ ನಾನು ಮೊದಲು ಹೇಳಿದ್ದೇ ಇದನ್ನು.

“ನೀರು ಬಂತ್ರೀ. ಮೊದಲಿಗೆ ಪೈಪಿನಾಗ ಗಾಳಿ ಸಿಕ್ಕೊಂಡಿತ್ತು, ಅದು ಹೋದ ಮ್ಯಾಲ ಚಲೋ ಬಂತು.”

ಆಮೇಲಿನ ತಿಂಗಳುಗಳಲ್ಲಿ ನೀರು ತಪ್ಪಲಿಲ್ಲ. ನಾನು ಬೋಗುಣಿಯಿಂದ ಚೊಂಬಿನಲ್ಲಿ ಮೊಗೆದು ಮೊಗೆದು ಒಳಗಿನ ಡ್ರಮ್ಮಿಗೆ ತುಂಬಿಸುತ್ತಿದ್ದೆ. ಒಂದು ಬಿಂದಿಗೆ ನೀರನ್ನು ಒಮ್ಮೆಗೇ ಎತ್ತಿದರೂ, ಚೊಂಬು ಚೊಂಬಾಗಿ ಎತ್ತಿದರೂ ನೀರಿಗೆ ಸೇರುವ ಶಕ್ತಿ ಒಂದೇ. ಡಾಕ್ಟರಮ್ಮನ ತಕರಾರಿದ್ದದ್ದು ಶಕ್ತಿಯ ಬಗ್ಗೆ ಅಲ್ಲ, ಬಲದ ಬಗ್ಗೆ. ಒಂದು ಚೊಂಬಿಗೆ ಬೇಕಾದ ಬಲ ಸಣ್ಣದು. ಈ ವ್ಯತ್ಯಾಸವನ್ನು ಗಂಡನಿಗೆ ಹೇಳಿ, ಹೊಟ್ಟೆಯೊಳಗಿನ ಮಗುವಿಗೂ ಹೇಳಿ, ಹಾಯಾಗಿದ್ದೆ. ಬೀದಿಯಲ್ಲಿ ನನಗೆ ಸೈನ್ಸ್ ಮೇಡಂ ಎಂದು ಹೆಸರು ಬಿತ್ತು. ಪಕ್ಕದ ಬೀದಿಯವರು ಬಂದು ಕೆಂಪು ಗೆರೆ ನೋಡಿಕೊಂಡು ಹೋದರು. ಅಧ್ಯಕ್ಷರು ತಮ್ಮ ಸರ್ವೆ ಗಳುವನ್ನು ಅವರೆ ಬಳ್ಳಿಗೆ ಆಸರೆ ಮಾಡಿದರು. ನಾನು ಸ್ವಲ್ಪ ಬೀಗಿದೆ ಎಂದೇ ಹೇಳಬೇಕು. ಓದು ವ್ಯರ್ಥವಾಗಲಿಲ್ಲ, ಅದು ನನ್ನ ಮಗುವನ್ನು ಕಾಯುತ್ತಿದೆ ಎಂಬ ಹೆಮ್ಮೆ.

ದಿನ ತುಂಬುತ್ತ ಬಂದಾಗ ಡಾಕ್ಟರಮ್ಮ ಪ್ರಯಾಣಕ್ಕೆ ಒಪ್ಪಿದರು. ಧಾರವಾಡಕ್ಕೆ ಹೋದೆ. ಹೆಣ್ಣು ಮಗು ಹುಟ್ಟಿತು, ಆರೋಗ್ಯವಾಗಿತ್ತು. ಬಾಣಂತನ ಮುಗಿಸಿಕೊಂಡು ಬೆಂಗಳೂರಿಗೆ ಮರಳುವ ಹೊತ್ತಿಗೆ ಮಗು ಗುರುತು ಹಿಡಿದು ನಗುತ್ತಿತ್ತು.

ಬಂದ ಮಾರನೆಯ ದಿನವೇ ನೀರಿನ ಸರದಿ. ನಲ್ಲಿ ತಿರುಗಿಸಿದೆ. ತೊಟ್ಟಿಕ್ಕಿತು. ಗಾಳಿ ಇರಬಹುದೆಂದು ಕಾದೆ. ಕಾದಷ್ಟೂ ತೊಟ್ಟಿಕ್ಕುತ್ತಲೇ ಇತ್ತು. ನಾನಿಲ್ಲದಾಗ ಗಂಡ ನೀರಿನ ಸರದಿಗೆ ಮನೆಯಲ್ಲೇ ಇರುತ್ತಿರಲಿಲ್ಲವಾದ್ದರಿಂದ ಅವರಿಗೂ ಏನೂ ಗೊತ್ತಿರಲಿಲ್ಲ. ಕಾರ್ಖಾನೆಯಲ್ಲೇ ಸ್ನಾನ, ಕ್ಯಾಂಟೀನಿನಲ್ಲಿ ಊಟ. ಯಾರೋ ನಲ್ಲಿಯನ್ನು ಮತ್ತೆ ಇಳಿಸಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಮಗುವನ್ನು ಎತ್ತಿಕೊಂಡು, ಒಂದೊಂದೇ ಗೋಡೆಯ ಗೆರೆಯನ್ನೂ ನಲ್ಲಿಯನ್ನೂ ನೋಡುತ್ತ ಕೆಳಗಿಳಿದೆ. ಎಲ್ಲರ ನಲ್ಲಿಯೂ ಗೆರೆಯ ಮೇಲೆಯೇ ಇತ್ತು. ಕೊನೆಗೆ ಉಳಿದದ್ದು ಆಪಾ ಅವರ ಮನೆ. ಅವರ ನಲ್ಲಿಯೂ ಗೆರೆಯ ಮೇಲೆಯೇ, ಸೊಂಟದ ಎತ್ತರಕ್ಕೇ ಇತ್ತು. ಅದರಿಂದ ನೀರು ಭೋರೆಂದು ಸುರಿಯುತ್ತಿತ್ತು. ಇದು ಹೇಗೆಂದು ನಾನು ಜಗಳದ ದನಿಯಲ್ಲೇ ಕೇಳಿದೆ. ಆಪಾ ಮೊದಲು ಮಗುವಿನ ಗಲ್ಲ ಮುಟ್ಟಿ, ಆಮೇಲೆ ಉತ್ತರ ಕೊಟ್ಟರು.

“ಅವತ್ತು ನಿನ್ ನಲ್ಲೀಲಿ ನೀರ್ ಬರ್ಲಿಲ್ಲ, ನಾನ್ ನೋಡ್ದೆ. ಕೆಳಗ್ ಬಂದು ನಂದು ಮುಚ್ದೆ, ನಿಂದು ಬಂತು. ಅದಕ್ಕೇ ಮುಚ್ಚೇ ಇಟ್ಟಿದ್ದೆ. ಊರಿಗ್ ಹೋದ್ಯಲ್ಲ, ತೆಗ್ದೆ.”

ಹಾಗಾದರೆ ಅಷ್ಟು ತಿಂಗಳು ನಿಮಗೆ ನೀರು ಎಲ್ಲಿಂದ ಬಂತು ಎಂದು ಕೇಳಿದೆ. ಹೆಬ್ಬಾಳದ ಕಡೆ ಕೆಳಗೆ ಒಂದು ದ್ರಾಕ್ಷಿ ತೋಟವಿತ್ತು. ಅವರ ಯಜಮಾನರು ಅಲ್ಲಿಂದ ಹಣ್ಣು ತರುತ್ತಿದ್ದರು. ಆ ತೋಟದ ಬಾವಿಯಿಂದ ತಂದೆ ಎಂದರು. ಸೇದಿ, ಹೊತ್ತು, ದಿಬ್ಬ ಹತ್ತಿ. ನೀರಿನ ಸರದಿ ಇದ್ದ ದಿನವೆಲ್ಲ. ಇಷ್ಟನ್ನೂ ಅವರು ಸೊಪ್ಪು ಎಲ್ಲಿ ಕೊಂಡೆ ಎಂದು ಹೇಳುವ ಹಾಗೆ ಹೇಳಿದರು.

ಅಲ್ಲಿ ನಿಂತಲ್ಲೇ ನನಗೆ ನನ್ನ ವಿಜ್ಞಾನದ ಕೊರತೆ ಹೊಳೆಯಿತು. ಗಾರೆಯವರ ಪೈಪಿನೊಳಗೆ ಇದ್ದದ್ದು ನಿಂತ ನೀರು. ನಿಂತ ನೀರು ಎರಡೂ ತುದಿಯಲ್ಲಿ ಒಂದೇ ಮಟ್ಟಕ್ಕೆ ಬರುತ್ತದೆ. ಬೀದಿಯ ಪೈಪಿನಲ್ಲಿ ಇದ್ದದ್ದು ಹರಿಯುವ ನೀರು. ಅದು ಪೈಪಿನ ಗೋಡೆಗೆ ಉಜ್ಜಿಕೊಂಡು, ದಾರಿಯುದ್ದಕ್ಕೂ ಒತ್ತಡವನ್ನು ಸುಂಕ ಕಟ್ಟಿದ ಹಾಗೆ ಕಳೆದುಕೊಳ್ಳುತ್ತ ಬರುತ್ತದೆ. ಎಲ್ಲ ನಲ್ಲಿಗಳೂ ತೆರೆದಿದ್ದರೆ ಮೊದಲ ಮನೆಗೆ ಧಾರೆ, ಕೊನೆಯ ಮನೆಗೆ ತೊಟ್ಟು. ಗೆರೆ ಎಷ್ಟೇ ಸಪಾಟಾಗಿದ್ದರೂ ಅಷ್ಟೆ. ಘರ್ಷಣೆಯ ಪಾಠವನ್ನೂ ನಾನು ಓದಿದ್ದೆ. ಆ ಭಾನುವಾರ ಅದು ನೆನಪಿಗೆ ಬರಲಿಲ್ಲ. ಗೆರೆಯಿಂದ ಗುಂಡಿಗಳು ಹೋದದ್ದು ನಿಜ. ಆದರೆ ನನ್ನ ಬೋಗುಣಿಗೆ ಬಂದ ನೀರು ಗೆರೆಯಿಂದ ಬಂದದ್ದಲ್ಲ.

ಶಕ್ತಿ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ, ಒಂದು ಕಡೆ ಉಳಿದರೆ ಇನ್ನೊಂದು ಕಡೆ ವೆಚ್ಚವಾಗಿರುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದವಳು ನಾನು. ನಾನು ಎತ್ತದ ಬಿಂದಿಗೆಗಳನ್ನೆಲ್ಲ ಇನ್ನೊಬ್ಬರು ಎತ್ತಿದ್ದರು. ಆಪಾ ಅವರನ್ನು ಅಪ್ಪಿಕೊಳ್ಳಬೇಕು ಎನ್ನಿಸಿತು, ಆದರೆ ಕಂಕುಳಲ್ಲಿ ಮಗು ಇತ್ತು. ನನ್ನ ಕಣ್ಣು ತುಂಬಿದ್ದು ನೋಡಿ ಆಪಾ ನಲ್ಲಿಯ ಕಡೆ ಕೈ ಚಾಚಿದರು. ಎಳೆಮಗುವಿನ ತಾಯಿ ನೀನು, ಮುಚ್ಚುತ್ತೇನೆ ಬಿಡು ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಬೇಡ, ನಲ್ಲಿ ತೆರೆದೇ ಇರಲಿ, ಇನ್ನು ನನ್ನ ನೀರನ್ನು ಇಲ್ಲಿಂದಲೇ ಹಿಡಿದುಕೊಂಡು ಹೋಗುತ್ತೇನೆ ಎಂದೆ. ಆಪಾ ತಮ್ಮ ಬಿಂದಿಗೆಯನ್ನು ನಲ್ಲಿಯ ಕೆಳಗಿಟ್ಟು ತುಂಬಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಮಗುವಿಗಾಗಿ ಎರಡೂ ಕೈ ಚಾಚಿದರು.

“ಇವಳನ್ನ ನನಗ್ ಕೊಡು. ಬಿಂದಿಗೆ ನೀನ್ ಎತ್ಕೋ. ಈಗ ಎತ್ಬಹುದು.”

ಮಗು ಅವರ ಭುಜಕ್ಕೆ ಹೋಯಿತು, ಅಳಲಿಲ್ಲ. ನಾನು ಬಿಂದಿಗೆಯನ್ನು ಸೊಂಟಕ್ಕೆತ್ತಿ ಬೀದಿ ಹತ್ತತೊಡಗಿದೆ. ಹಿಂದಿನಿಂದ ಆಪಾ ಮಗುವಿಗೆ ಉರ್ದುವಿನಲ್ಲಿ ಏನೋ ಹೇಳುತ್ತ ಬರುತ್ತಿದ್ದರು. ಅಧ್ಯಕ್ಷರ ಮನೆ ದಾಟುವಷ್ಟರಲ್ಲಿ ನನ್ನ ಉಸಿರು ಸಿಕ್ಕಿಕೊಂಡು ನಿಲ್ಲಬೇಕಾಯಿತು. ತುಂಬಿದ ಬಿಂದಿಗೆ ಎಷ್ಟು ಭಾರವಿರುತ್ತದೆ ಎನ್ನುವುದು ನನಗೆ ಮರೆತೇ ಹೋಗಿತ್ತು.